ನಲವತ್ತೈದರ ಹತ್ತಿರ ಬಂದಿದ್ದೇನೆ: ದಿನವೂ ನಡೆದರೂ ಹೊಟ್ಟೆ ಏಕೆ ಕರಗುತ್ತಿಲ್ಲ?

ವಿಜಯನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಎತ್ತರ 171 ಸೆಂಟಿಮೀಟರ್, ತೂಕ 82 ಕಿಲೊ, ಹೊಕ್ಕುಳಿನ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ 101 ಸೆಂಟಿಮೀಟರ್. ಬ್ಯಾಂಕಿನ ಕೆಲಸವಾದ್ದರಿಂದ ಕುರ್ಚಿ ಬಿಟ್ಟು ಏಳುವ ಪ್ರಸಂಗ ಕಡಿಮೆ. ಕಚೇರಿಯವರು ಮಾಡಿಸಿದ ವಾರ್ಷಿಕ ತಪಾಸಣೆಯಲ್ಲಿ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.1 ಎಂದು ಬಂದಿದೆ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ದೂರವೂ ಇಲ್ಲ ಎಂದ ವೈದ್ಯರು ತೂಕ ಇಳಿಸಿಕೊಳ್ಳಿ ಎಂದಷ್ಟೇ ಹೇಳಿ ಕಳುಹಿಸಿದರು. ಹೇಗೆ ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಅಂದಿನಿಂದ ಬೆಳಿಗ್ಗೆ ಬಡಾವಣೆಯ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತಿದ್ದೇನೆ. ರಾತ್ರಿ ಅನ್ನ ಬಿಟ್ಟು ಮುದ್ದೆ ಹಿಡಿದಿದ್ದೇನೆ, ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳುವುದಿಲ್ಲ. ಆರಂಭದಲ್ಲಿ ತೂಕ ಸ್ವಲ್ಪ ಇಳಿದು, ಈಗ ನಿಂತುಬಿಟ್ಟಿದೆ. ಮುಖ ಸೊರಗಿದೆ, ತೋಳುಗಳು ಸಣ್ಣಗಾಗಿವೆ, ಹೊಟ್ಟೆ ಮಾತ್ರ ಇದ್ದಂತೆಯೇ ಇದೆ. ನಲವತ್ತು ದಾಟಿದ ಮೇಲೆ ದೇಹದ ಚಯಾಪಚಯವೇ ನಿಧಾನವಾಗುತ್ತದೆ, ಇನ್ನು ಏನು ಮಾಡಿದರೂ ಅಷ್ಟೇ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಇದು ನಿಜವೇ? ಜಿಮ್‌ಗೆ ಸೇರಬೇಕೇ? ಈ ವಯಸ್ಸಿನಲ್ಲಿ ಭಾರ ಎತ್ತುವುದು ಹೃದಯಕ್ಕೆ ಅಪಾಯವೆಂದು ಮನೆಯವರು ಹೆದರುತ್ತಿದ್ದಾರೆ. ಅನುಭವಸ್ಥರು ತಿಳಿಸಿಕೊಡಬೇಕಾಗಿ ವಿನಂತಿ.

ಕೆಲಗೇರಿ ಮಾಸ್ತರ

ಸರ್, ವಯಸ್ಸಿನ ಮೇಲೆ ತಪ್ಪು ಹೊರಿಸುವುದು ನಮಗೆಲ್ಲ ಅನುಕೂಲವಾದ ಮಾತು. ಆದರೆ ಅದು ನಿಲ್ಲುವುದಿಲ್ಲ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 29 ದೇಶಗಳ 6,400ಕ್ಕೂ ಹೆಚ್ಚು ಜನರ, ಎಂಟು ದಿನದ ಕೂಸಿನಿಂದ 95 ವರ್ಷದ ವೃದ್ಧರವರೆಗಿನವರ, ದಿನದ ಶಕ್ತಿವ್ಯಯವನ್ನು ಅದರಲ್ಲಿ ಅಳೆದಿದ್ದರು. ದೇಹದ ಗಾತ್ರ ಮತ್ತು ಸ್ನಾಯುವಿನ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ 20ರಿಂದ 60ನೆಯ ವಯಸ್ಸಿನವರೆಗೆ ಶಕ್ತಿವ್ಯಯ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಇಳಿತ ಆರಂಭವಾಗುವುದು ಅರವತ್ತರ ನಂತರ ಎಂಬುದು ಅವರ ತೀರ್ಮಾನ.

ಹಾಗಿದ್ದರೆ ನಲವತ್ತರಲ್ಲಿ ಹೊಟ್ಟೆ ಬರುವುದೇಕೆ ಎಂದರೆ, ಬದಲಾಗಿರುವುದು ನಮ್ಮ ದಿನಚರಿ. ಇಪ್ಪತ್ತೈದರಲ್ಲಿ ಬಸ್ಸಿಗೆ ಓಡುತ್ತಿದ್ದವರು ಈಗ ಕಾರಿನಲ್ಲಿ ಕೂರುತ್ತೇವೆ. ಸಂಜೆ ಕ್ರಿಕೆಟ್ ಆಡುತ್ತಿದ್ದವರು ಈಗ ಅದನ್ನು ಶೇಂಗಾದ ಬಟ್ಟಲು ಹಿಡಿದುಕೊಂಡು ನೋಡುತ್ತೇವೆ. ಇದರ ಜೊತೆಗೆ ಮೂವತ್ತು ದಾಟಿದ ಮೇಲೆ, ಬಳಸದಿದ್ದರೆ, ಪ್ರತಿ ದಶಕದಲ್ಲಿ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ನಿಮ್ಮ ತೋಳು ಸಣ್ಣಗಾಗಿ ಹೊಟ್ಟೆ ಉಳಿದಿರುವುದನ್ನು ಓದಿದಾಗ ನನಗೆ ಅನಿಸಿದ್ದು, ನೀವು ಕಳೆದುಕೊಂಡಿರುವ ತೂಕದಲ್ಲಿ ಕೊಬ್ಬಿನೊಂದಿಗೆ ಸ್ನಾಯುವೂ ಹೋಗಿದೆ ಎಂದು.

ಮದ್ದೂರು ಎಕ್ಸ್‌ಪ್ರೆಸ್

ಆ ಸಂಶೋಧನೆಯ ವಿಷಯವನ್ನು ಯಾರಾದರೂ ನನ್ನ ಹೊಟ್ಟೆಗೆ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಅದಿರಲಿ, ಮುದ್ದೆ ತಿನ್ನುತ್ತಿರುವುದು ಒಳ್ಳೆಯ ಕೆಲಸ, ಬಿಡಬೇಡಿ. ನಮ್ಮ ಅಜ್ಜ ಎಪ್ಪತ್ತರಲ್ಲೂ ಮೂರು ಹೊತ್ತು ಮುದ್ದೆ ಉಂಡು ಕಲ್ಲಿನಂತಿದ್ದರು. ಈ ಓಟ್ಸ್, ಕಿನೋವಾ ಎಂದು ಅಂಗಡಿಯಲ್ಲಿ ಮಾರುವುದೆಲ್ಲ ದುಡ್ಡಿನ ದಂಡ.

ಪಥ್ಯ

ನಾನು ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತಿರುವುದರಿಂದ ಎರಡು ಮಾತು ಹೇಳುತ್ತೇನೆ. ಮದ್ದೂರಿನವರು ಕೋಪಿಸಿಕೊಳ್ಳಬಾರದು.

ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕಿಲೊಕ್ಯಾಲರಿ ಇದ್ದರೆ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಇರುತ್ತದೆ. ಅಂತರ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಅದರ ನಾರಿನಲ್ಲಿ ಮತ್ತು ಸುಣ್ಣದ ಅಂಶದಲ್ಲಿದೆ. ನೂರು ಗ್ರಾಂಗೆ 340 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲೂ ಸಿಗುವುದಿಲ್ಲ. ಆದರೆ ತೂಕ ಇಳಿಸುವ ಮಾಯೆ ಅದರಲ್ಲಿಲ್ಲ. ದೊಡ್ಡ ಮುದ್ದೆಗಳೆರಡನ್ನು ಜಗಿಯದೆ ನುಂಗಿದರೆ ಅದೂ ಅನ್ನದ ರಾಶಿಗೆ ಸಮವೇ. ಅಜ್ಜ ಮುದ್ದೆ ಉಂಡು ಗದ್ದೆಗೆ ಹೋಗುತ್ತಿದ್ದರು, ನಾವು ಮುದ್ದೆ ಉಂಡು ಹಾಸಿಗೆಗೆ ಹೋಗುತ್ತೇವೆ.

ಇನ್ನು ಮೂಲ ಪ್ರಶ್ನೆ ಕೇಳಿದವರಿಗೆ: ತೂಕದ ಯಂತ್ರವನ್ನು ಸ್ವಲ್ಪ ಬದಿಗಿಟ್ಟು ಅಳತೆಯ ಟೇಪನ್ನು ನೋಡಿ. ಏಷ್ಯಾದವರಿಗೆ ಸೊಂಟದ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇದಕ್ಕಿಂತ ಸರಳವಾದ ಲೆಕ್ಕವೂ ಒಂದಿದೆ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮ್ಮ ವಿಷಯದಲ್ಲಿ ಅದು 85ರ ಆಸುಪಾಸು. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಬಿಎಂಐ ಕೂಡ ನಮಗೆ 23ರಿಂದಲೇ ಹೆಚ್ಚು ತೂಕವೆಂದೂ 25ರಿಂದ ಬೊಜ್ಜೆಂದೂ ಪರಿಗಣಿಸಬೇಕಾಗುತ್ತದೆ. ನಿಮ್ಮದು 28 ಆಗುತ್ತದೆ.

ಬಸವನಗುಡಿ ಓಟಗಾರ

ನಮಗೆ ಮಾತ್ರ ಕಡಿಮೆ ಮಿತಿ ಏಕೆ? ಇದು ಔಷಧ ಕಂಪನಿಗಳು ರೋಗಿಗಳ ಸಂಖ್ಯೆ ಹೆಚ್ಚಿಸಿಕೊಳ್ಳಲು ಹೂಡಿದ ಉಪಾಯವಿರಬಹುದಲ್ಲವೇ?

ಪಥ್ಯ

ಅಲ್ಲ. ಪುಣೆಯ ವೈದ್ಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರೂ ಒಟ್ಟಿಗೆ ನಿಂತಿರುವ ಒಂದು ಚಿತ್ರ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದ ಕೊಬ್ಬು ಶೇಕಡಾ 9.1 ಇದ್ದರೆ ಯಾಜ್ಞಿಕ್ ಅವರದು ಶೇಕಡಾ 21.2. ಅಂಗಿ ತೊಟ್ಟಾಗ ಸಣ್ಣಗೆ ಕಾಣುವ ಭಾರತೀಯನೊಳಗೆ ಎಷ್ಟು ಕೊಬ್ಬು ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಅಂದಾಜಿಸಿದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹಿಂದಿನ ಹಂತದಲ್ಲಿದ್ದಾರೆ. ಇವರೆಲ್ಲ ನೋಡಲು ದಪ್ಪಗಿರುವವರೇನೂ ಅಲ್ಲ.

ಮದ್ದೂರು ಎಕ್ಸ್‌ಪ್ರೆಸ್

ಮೇಡಂ, ಕೋಪವೇನೂ ಇಲ್ಲ. ಆದರೆ ಮುದ್ದೆಯೊಂದಿಗೆ ನಾವು ಉಣ್ಣುವ ಬಸ್ಸಾರು, ಹುರುಳಿಕಾಳು ಸಾರು, ಅವರೆಕಾಳು ಸಾರು ಇವನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮುದ್ದೆಯನ್ನು ಯಾರೂ ಒಂಟಿಯಾಗಿ ತಿನ್ನುವುದಿಲ್ಲ.

ಪಥ್ಯ

ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ರಾಗಿಯಲ್ಲಿ ಇರುವುದು ಏಳರಷ್ಟು. ನಿಮ್ಮ ಕಡೆಯ ಊಟದ ಬಲ ಇರುವುದು ಸಾರಿನ ತಳದಲ್ಲಿರುವ ಕಾಳಿನಲ್ಲಿ. ಬೆಂಗಳೂರಿಗೆ ಬಂದವರು ಮುದ್ದೆಯನ್ನು ಉಳಿಸಿಕೊಂಡು ಕಾಳನ್ನು ಕಡಿಮೆ ಮಾಡಿಕೊಂಡಿದ್ದಾರೆ.

ಕದ್ರಿ ಗುಡ್ಡೆ

ಇಲ್ಲಿಯವರೆಗೆ ಎಲ್ಲರೂ ಗಂಡಸರ ಹೊಟ್ಟೆಯ ಬಗ್ಗೆಯೇ ಮಾತನಾಡುತ್ತಿದ್ದೀರಿ, ಹಾಗಾಗಿ ನಮ್ಮ ಪಕ್ಷದ ಮಾತನ್ನೂ ಹೇಳಿಬಿಡುತ್ತೇನೆ. ನನಗೆ 47. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47 ಎನ್ನುತ್ತಾರೆ, ನಾನು ಸರಿಯಾಗಿ ಅದರ ನಡುವೆ ಇದ್ದೇನೆ. ಈಸ್ಟ್ರೋಜನ್ ಇಳಿದಂತೆ ಮೊದಲು ತೊಡೆಯಲ್ಲಿ, ಸೊಂಟದ ಕೆಳಗೆ ಸೇರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆಗೆ ತಿರುಗುತ್ತದೆ. ರಾತ್ರಿ ಮೈ ಬಿಸಿಯಾಗಿ ಎಚ್ಚರವಾದರೆ ಬೆಳಗಿನ ಜಾವದವರೆಗೆ ನಿದ್ದೆ ಇಲ್ಲ. ನಿದ್ದೆ ಕೆಟ್ಟ ಮರುದಿನ ಹಸಿವು ಹೆಚ್ಚು, ಅದೂ ಸಿಹಿ ಮತ್ತು ಕರಿದ ತಿಂಡಿಯ ಮೇಲೆ. ಇದಕ್ಕೆ ಸೋಮಾರಿತನ ಎಂದು ಹೆಸರಿಡುವವರು ಮನೆಯಲ್ಲೇ ಇರುತ್ತಾರೆ.

"ಮನೆಗೆಲಸ ಮಾಡುತ್ತೀಯಲ್ಲ, ಅದೇ ವ್ಯಾಯಾಮ" ಎಂಬ ಮಾತನ್ನು ಇಪ್ಪತ್ತು ವರ್ಷ ಕೇಳಿದ್ದೇನೆ. ಮನೆಗೆಲಸದಲ್ಲಿ ಆಯಾಸವಿದೆ, ಶಕ್ತಿ ಬೆಳೆಯುವುದಿಲ್ಲ. ಹಿಂದೆ ಬಾವಿಯಿಂದ ನೀರು ಸೇದುವುದು, ಒರಳಲ್ಲಿ ರುಬ್ಬುವುದು ಇತ್ತು. ಈಗ ಗುಂಡಿ ಒತ್ತಿದರೆ ಗ್ರೈಂಡರ್ ತಿರುಗುತ್ತದೆ, ನಾನು ಪಕ್ಕದಲ್ಲಿ ನಿಂತು ಕಾಯುತ್ತೇನೆ. ಎಲ್ಲರದ್ದೂ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದ ಪಲ್ಯ, ಮಕ್ಕಳು ಬಿಟ್ಟ ನೀರ್‌ದೋಸೆ ಹಾಳಾಗಬಾರದೆಂದು ಯಾರ ಹೊಟ್ಟೆಗೆ ಹೋಗುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತೂಕ ಏಕಾಏಕಿ ಏರಿದ ಹೆಂಗಸರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದರೆ ಮುಂದಿನ ಮಾತು.

ಕೆಲಗೇರಿ ಮಾಸ್ತರ

ಅಕ್ಕಾವರು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ತೆಗೆಯುವಂತಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರ ತೋಳಿನಲ್ಲಿ ಬಲವಿತ್ತು. ಈಗ ರೊಟ್ಟಿ ಪ್ಯಾಕೆಟ್ಟಿನಲ್ಲಿ ಬರುತ್ತದೆ.

ಹೇಮಾವತಿ ದಂಡೆ

ನಾನು ಹಾಸನದವನು. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಜನ ಬೆಳಗಿನ ಜಾವವೇ ಎದ್ದು ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತಿದ್ದನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೂ ಮೊದಲು 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿಗೇ ತೀರಿಕೊಂಡಾಗ ನನ್ನ ಸ್ನೇಹಿತರಲ್ಲಿ ಅನೇಕರು ಜಿಮ್ ಬಿಟ್ಟರು. ಅಷ್ಟು ಶಿಸ್ತಾಗಿದ್ದವರಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಭಯ ನನ್ನಲ್ಲಿ ಇನ್ನೂ ಇದೆ. ನಡಿಗೆ ಸಾಕು, ಭಾರದ ಸಹವಾಸ ಬೇಡ ಎಂಬುದು ನನ್ನ ಸಲಹೆ.

ಶಿವಮೊಗ್ಗ ಫಿಸಿಯೊ

ನಿಮ್ಮ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ತೀರ್ಮಾನವನ್ನು ಒಪ್ಪುವುದಿಲ್ಲ. ಜಿಮ್‌ನಲ್ಲಿ ಕುಸಿದವರ ಸುದ್ದಿ ಟಿವಿಯಲ್ಲಿ ಬರುತ್ತದೆ. ವರ್ಷಗಟ್ಟಲೆ ಸೋಫಾದ ಮೇಲೆ ಕುಳಿತು, ರಕ್ತದೊತ್ತಡ ಅಳೆಸಿಕೊಳ್ಳದೆ, ಒಂದು ರಾತ್ರಿ ನಿದ್ದೆಯಲ್ಲೇ ಹೋದವರ ಸುದ್ದಿ ಎಲ್ಲಿಯೂ ಬರುವುದಿಲ್ಲ. ವ್ಯಾಯಾಮ ಹೃದಯದ ಅಪಾಯವನ್ನು ಒಟ್ಟಾರೆ ತಗ್ಗಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ತೊಂದರೆಯಾಗುವುದು ಮುಖ್ಯವಾಗಿ, ಹತ್ತು ವರ್ಷ ಸುಮ್ಮನಿದ್ದು ಒಂದು ಸೋಮವಾರ ಬೆಳಿಗ್ಗೆ ಮಗನ ವಯಸ್ಸಿನ ಹುಡುಗರ ಜೊತೆ ಸ್ಪರ್ಧೆಗಿಳಿದಾಗ.

ನಲವತ್ತು ದಾಟಿದವರು ಆರಂಭಿಸುವ ಮೊದಲು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಬೇಕು. ತಂದೆ, ಅಣ್ಣ ತಮ್ಮಂದಿರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದರೆ, ಧೂಮಪಾನವಿದ್ದರೆ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿದ್ದರೆ ಹೃದಯ ತಜ್ಞರನ್ನು ಕಂಡು ಅವರು ಹೇಳಿದಂತೆ, ಯಂತ್ರದ ಮೇಲೆ ನಡೆಸುತ್ತ ಇಸಿಜಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಬೇಕು. ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ರಕ್ತನಾಳದಲ್ಲಿ ಅಡಚಣೆ ಇಲ್ಲವೆಂದು ಅರ್ಥವಲ್ಲ. ವ್ಯಾಯಾಮದ ನಡುವೆ ಎದೆ ಬಿಗಿತ, ದವಡೆಗೋ ಎಡಗೈಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಗ್ಯಾಸ್ ಎಂದುಕೊಂಡು ಜೀರಿಗೆ ನೀರು ಕುಡಿಯುತ್ತ ಕೂರಬೇಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಪುನೀತ್ ಅವರ ಹೆಸರಿನಲ್ಲೇ ಇರುವ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ಉಚಿತವಾಗಿ ಆಗುತ್ತದೆ.

ಇನ್ನು ನಡಿಗೆ ಸಾಕೇ ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಎಂಬ ಸಾಲನ್ನು ಎಲ್ಲರೂ ಓದುತ್ತಾರೆ. ಅದರ ಜೊತೆಗೇ, ವಾರಕ್ಕೆ ಕನಿಷ್ಠ ಎರಡು ದಿನ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲ ಕೊಡುವ ವ್ಯಾಯಾಮ ಎಂಬ ಸಾಲೂ ಇದೆ. ಅದನ್ನು ನಮ್ಮವರು ಬಿಟ್ಟು ಓದುತ್ತಾರೆ.

ಬಸವನಗುಡಿ ಓಟಗಾರ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಿದರೆ ಬೇರೇನೂ ಬೇಕಾಗಿಲ್ಲ ಎಂಬುದು ವೈಜ್ಞಾನಿಕವಾಗಿ ಸಾಬೀತಾದ ವಿಷಯ.

ಕೆಲಗೇರಿ ಮಾಸ್ತರ

ಹತ್ತು ಸಾವಿರ ಎಂಬ ಅಂಕಿ ಬಂದದ್ದು ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಮಾರಾಟಕ್ಕೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅದು ಜಾಹೀರಾತಾಗಿ ಹುಟ್ಟಿದ ಅಂಕಿ. ಹೆಚ್ಚು ನಡೆಯುವುದು ಒಳ್ಳೆಯದೇ, ನಡೆಯಿರಿ. ಆದರೆ ಗಡಿಯಾರದಲ್ಲಿ 9,800 ತೋರಿಸಿತೆಂದು ರಾತ್ರಿ ಹನ್ನೊಂದಕ್ಕೆ ಹಜಾರದಲ್ಲಿ ಸುತ್ತು ಹಾಕುವ ನನ್ನ ಭಾವನಂತಾಗಬೇಡಿ.

ಜಯನಗರ ನಾಲ್ಕನೇ ಬ್ಲಾಕ್

ನಡಿಗೆಯವರ ಇನ್ನೊಂದು ಮುಖವನ್ನೂ ಹೇಳಬೇಕು. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಂದು ಗುಂಪಾಗಿ ನಡೆಯುತ್ತೇವೆ. ನಡಿಗೆ ಮುಗಿದದ್ದೇ ತಡ, ಗುಂಪು ದರ್ಶಿನಿಯ ಮುಂದೆ ಇರುತ್ತದೆ: ಇಡ್ಲಿ, ಮುಳುಗಿಸಿದ ವಡೆ, ಅದರ ಮೇಲೊಂದು ಮಸಾಲೆ ದೋಸೆ, ಕೊನೆಗೆ ಎರಡು ಚಮಚ ಸಕ್ಕರೆಯ ಕಾಫಿ. ಎಂಬತ್ತು ಕಿಲೊ ತೂಕದವನು ಐದು ಕಿಲೊಮೀಟರ್ ನಡೆದರೆ ಖರ್ಚಾಗುವುದು ಸುಮಾರು 300 ಕಿಲೊಕ್ಯಾಲರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೇ 120 ಇರುತ್ತದೆ. ದೋಸೆ ಹೆಂಚಿನ ಮೇಲೆ ಎಷ್ಟು ಚಮಚ ಬೀಳುತ್ತದೆ ಎಂಬುದನ್ನು ನಿಂತು ನೋಡಿದವರು ಉಳಿದ ಲೆಕ್ಕ ಮಾಡಿಕೊಳ್ಳಬಹುದು.

ಮದ್ದೂರು ಎಕ್ಸ್‌ಪ್ರೆಸ್

ನಮ್ಮ ಊರಿನ ವಡೆಯ ಹೆಸರನ್ನು ಇಲ್ಲಿ ಯಾರೂ ಎತ್ತದೆ ಇರುವುದಕ್ಕೆ ಧನ್ಯವಾದಗಳು.

ಎಚ್‌ಎಸ್‌ಆರ್ ಬಡಾವಣೆ

ನಾನು ಸಾಫ್ಟ್‌ವೇರ್ ಕ್ಷೇತ್ರದಲ್ಲಿದ್ದೇನೆ, 41 ವರ್ಷ. ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ ಎಂಬ ಪದ್ಧತಿಯಿಂದ ನನ್ನ ತೂಕ ಚೆನ್ನಾಗಿ ಇಳಿದಿದೆ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಊಟ, ರಾತ್ರಿ ಎಂಟಕ್ಕೆ ಕೊನೆಯದು. ನಮ್ಮ ಹಿರಿಯರ ಒಪ್ಪತ್ತು, ಏಕಾದಶಿಗಳ ಹಿಂದೆಯೂ ಇದೇ ವಿಜ್ಞಾನವಿತ್ತು.

ಕೆಲಗೇರಿ ಮಾಸ್ತರ

ಏಕಾದಶಿಯ ಹೆಸರಿನಲ್ಲಿ ನಮ್ಮ ಓಣಿಯಲ್ಲಿ ನಡೆಯುವುದನ್ನು ನೀವು ನೋಡಿಲ್ಲವೆಂದು ಕಾಣುತ್ತದೆ. ಅನ್ನ ಮುಟ್ಟುವುದಿಲ್ಲ, ನಿಜ. ಅದರ ಬದಲು ತುಪ್ಪ ಸುರಿದ ಸಾಬೂದಾನಿ ಖಿಚಡಿ, ಶೇಂಗಾ ಉಂಡೆ, ಬಾಳೆಹಣ್ಣಿನ ರಸಾಯನ, ಸಂಜೆಗೆ ಅವಲಕ್ಕಿ. ಅಂದು ಒಳಗೆ ಹೋಗುವುದು ಬೇರೆ ದಿನಕ್ಕಿಂತ ಹೆಚ್ಚೇ.

ಪಥ್ಯ

ಸಮಯದ ಮಿತಿಯಿಂದ ಕೆಲವರಿಗೆ ಅನುಕೂಲವಾಗುತ್ತದೆ. ಮುಖ್ಯವಾಗಿ ರಾತ್ರಿ ಹತ್ತರ ನಂತರ ಟಿವಿಯ ಮುಂದೆ ತಿನ್ನುವುದು ತಪ್ಪುತ್ತದೆ. ಆದರೆ 2022ರಲ್ಲಿ ಚೀನಾದ ಗುವಾಂಗ್‌ಜೌನಲ್ಲಿ ಬೊಜ್ಜಿರುವ 139 ಜನರನ್ನು ಒಂದು ವರ್ಷ ಗಮನಿಸಿದ ಪ್ರಯೋಗವೊಂದು ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಎರಡು ಗುಂಪಿಗೂ ಆಹಾರದ ಪ್ರಮಾಣವನ್ನು ಸಮನಾಗಿ ಇಳಿಸಿ, ಒಂದಕ್ಕೆ ಮಾತ್ರ ಎಂಟು ಗಂಟೆಯ ಮಿತಿ ಹಾಕಿದ್ದರು. ತೂಕದ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಲಾಭ ಬಂದದ್ದು ಕಡಿಮೆ ತಿಂದದ್ದರಿಂದ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದೀರ್ಘ ಉಪವಾಸಕ್ಕೆ ಇಳಿಯಲೇಬಾರದು, ಸಕ್ಕರೆ ಕುಸಿದು ತಲೆಸುತ್ತಿ ಬೀಳುವ ಅಪಾಯವಿದೆ.

ಸ್ಯಾನ್ ಹೋಸೆ ಕನ್ನಡಿಗ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲೇ ಅರ್ಧ ಜನರ ಮಾತು ತೂಕ ಇಳಿಸುವ ಚುಚ್ಚುಮದ್ದಿನ ಮೇಲಿರುತ್ತದೆ. ಭಾರತಕ್ಕೂ 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಬಂದಿವೆಯಲ್ಲ. ಇಷ್ಟೊಂದು ದಂಡ, ಬಸ್ಕಿ, ಹುರುಳಿಕಾಳು ಎಂದು ಒದ್ದಾಡುವ ಬದಲು ವಾರಕ್ಕೊಂದು ಸೂಜಿ ಹಾಕಿಸಿಕೊಂಡರೆ ಆಗದೇ? ನಾನು ಹಾಕಿಸಿಕೊಳ್ಳುತ್ತಿದ್ದೇನೆ, ಹಸಿವೇ ಆಗುವುದಿಲ್ಲ.

ಪಥ್ಯ

ಅದು ಕೆಲಸ ಮಾಡುತ್ತದೆ ಎಂಬುದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇಕಡಾ 15ರಷ್ಟು ತೂಕ ಇಳಿಯಿತು. ಆದರೆ ಔಷಧ ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದದ್ದರಲ್ಲಿ ಮೂರನೆಯ ಎರಡು ಭಾಗ ಮರಳಿ ಬಂತು. ಇಳಿಯುವ ತೂಕದಲ್ಲಿ ಕೊಬ್ಬಲ್ಲದ ಅಂಶವೂ ಕಾಲು ಭಾಗ ಮೀರಿ ಇರುತ್ತದೆ. ಹಸಿವೇ ಆಗದವರು ಬೇಳೆ ಕಾಳು, ಮೊಟ್ಟೆಗಳನ್ನೂ ಬಿಟ್ಟು ಎರಡು ತುತ್ತು ಮೊಸರನ್ನ ತಿಂದು ಎದ್ದರೆ ಸ್ನಾಯು ಇನ್ನೂ ವೇಗವಾಗಿ ಹೋಗುತ್ತದೆ. ಬೊಜ್ಜಿನಿಂದ ನಿಜವಾಗಿ ಕಾಯಿಲೆ ಬಿದ್ದವರಿಗೆ ವೈದ್ಯರು ಬರೆದುಕೊಡಬೇಕಾದ ಔಷಧವದು. ಮದುವೆಗೆ ಮುಂಚೆ ರವಿಕೆ ಸರಿಹೊಂದಲೆಂದು ತೆಗೆದುಕೊಳ್ಳುವಂಥದ್ದಲ್ಲ. ತೆಗೆದುಕೊಂಡರೂ ಬಲದ ವ್ಯಾಯಾಮವನ್ನು ಬಿಡುವಂತಿಲ್ಲ, ಬಿಟ್ಟರೆ ನಷ್ಟ ನಿಮಗೇ ಹೆಚ್ಚು.

ಸ್ಯಾನ್ ಹೋಸೆ ಕನ್ನಡಿಗ

ಮೊಸರನ್ನದ ವಿಷಯ ನಿಮಗೆ ಹೇಗೆ ತಿಳಿಯಿತು?

ಒಂಟಿಕೊಪ್ಪಲು

ದಂಡ, ಬಸ್ಕಿ ಎಂಬ ಮಾತು ಬಂದದ್ದರಿಂದ ನಾನೂ ಬಾಯಿ ತೆರೆಯುತ್ತೇನೆ. ಮೈಸೂರಿನ ಗರಡಿ ಮನೆಯೊಂದರಲ್ಲಿ ಚಿಕ್ಕಂದಿನಲ್ಲಿ ಸಾಮು ಮಾಡಿದವನು ನಾನು. ಕುಸ್ತಿ ಬಿಟ್ಟು ಬಹಳ ವರ್ಷವಾಯಿತು, ಸಾಮು ಬಿಟ್ಟಿಲ್ಲ, ಈಗ 52. ನಮ್ಮ ಉಸ್ತಾದರು ಮೊದಲು ಹೇಳಿಕೊಡುತ್ತಿದ್ದದ್ದು ಮಟ್ಟಿಯನ್ನು, ಅಂದರೆ ಅಖಾಡದ ಮಣ್ಣನ್ನು, ಗುದ್ದಲಿಯಿಂದ ಅಗೆದು ಸಡಿಲ ಮಾಡುವುದನ್ನು. ಅದನ್ನು ಒಂದು ಸುತ್ತು ಅಗೆದು ಮುಗಿಸುವಷ್ಟರಲ್ಲಿ ಹೊಸಬರ ಬೆನ್ನು, ತೊಡೆ, ಹೆಗಲು ಎಲ್ಲವೂ ಮಾತನಾಡುತ್ತಿದ್ದವು. ಆಮೇಲೆ ಬಸ್ಕಿ, ಆಮೇಲೆ ದಂಡ, ಎಷ್ಟೋ ದಿನದ ನಂತರ ಗದೆ. ಮೊದಲ ದಿನವೇ ಗದೆ ಎತ್ತಲು ಹೋದವನಿಗೆ ಬೈಗುಳ ಖಂಡಿತ.

ಗರಡಿಯಲ್ಲೇ ಕಂಡ ಇನ್ನೊಂದು ಸತ್ಯವನ್ನೂ ಹೇಳಬೇಕು. ದಸರಾ ಕುಸ್ತಿಯಲ್ಲಿ ಹೆಸರು ಮಾಡಿದ ಎಷ್ಟೋ ಪೈಲ್ವಾನರು ಮುಂದೆ ಸಾಮು ನಿಲ್ಲಿಸಿದರು, ಆದರೆ ಬಾದಾಮಿ ಹಾಲು, ತುಪ್ಪ, ಮಾಂಸದ ಅಭ್ಯಾಸ ನಿಲ್ಲಲಿಲ್ಲ. ನಲವತ್ತರ ಹೊತ್ತಿಗೆ ಅವರ ಹೊಟ್ಟೆ ನಮ್ಮೆಲ್ಲರಿಗಿಂತ ಮುಂದಿತ್ತು.

ವಿಜಯನಗರದವರೇ, ನಿಮಗೆ ಜಿಮ್ಮೂ ಬೇಡ, ಗದೆಯೂ ಬೇಡ. ಗಟ್ಟಿಯಾದ ಕುರ್ಚಿಯ ಅಂಚಿನಲ್ಲಿ ಕುಳಿತು, ಕೈ ಊರದೆ ಎದ್ದು, ನಿಧಾನವಾಗಿ ಕುಳಿತುಕೊಳ್ಳಿ. ಹತ್ತು ಬಾರಿ ಸರಾಗವಾದರೆ ತಗ್ಗಿನ ಪೀಠಕ್ಕೆ ಇಳಿಯಿರಿ. ಅದೂ ಸರಾಗವಾದರೆ ಪೀಠವನ್ನೇ ತೆಗೆಯಿರಿ, ಅದು ಬಸ್ಕಿಯಾಗುತ್ತದೆ. ದಂಡವನ್ನು ಮೊದಲು ಗೋಡೆಗೆ ಕೈಕೊಟ್ಟು, ಆಮೇಲೆ ಅಡುಗೆ ಕಟ್ಟೆಗೆ, ಕೊನೆಗೆ ನೆಲದ ಮೇಲೆ ಮಾಡಬೇಕು. ಎರಡೂ ಕೈಯಲ್ಲಿ ಐದೈದು ಕಿಲೊ ಅಕ್ಕಿಯ ಚೀಲ ಹಿಡಿದು ಬೆನ್ನು ನೆಟ್ಟಗಿಟ್ಟು ಮಹಡಿಯ ಮೇಲೆ ಸುತ್ತು ಹಾಕಿ. ಉಸಿರು ಹಿಡಿಯಬೇಡಿ, ಏಳುವಾಗ ಬಿಡಿ. ವಾರಕ್ಕೆ ಮೂರು ದಿನ ಸಾಕು. ನಡುವೆ ಒಂದೊಂದು ದಿನ ಬಿಡುವು ಇರಲಿ.

ಕದ್ರಿ ಗುಡ್ಡೆ

ಅಕ್ಕಿ ಚೀಲದ ಉಪಾಯ ಚೆನ್ನಾಗಿದೆ. ಕುಚ್ಚಲಕ್ಕಿ ಉಣ್ಣುವವರಿಗೆ ಅದರಿಂದ ಇನ್ನೊಂದು ಹೊಸ ಉಪಯೋಗ.

ರಾಜಾಜಿನಗರ

ಜಿಮ್ ಬೇಡವೆಂದದ್ದು ಒಳ್ಳೆಯದಾಯಿತು. ನಮ್ಮ ಬಡಾವಣೆಯ ಒಂದು ಜಿಮ್‌ನಲ್ಲಿ ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿಸಿಕೊಂಡು, ಎರಡನೆಯ ವಾರದಿಂದಲೇ ಪ್ರೋಟೀನ್ ಪುಡಿಯ ಡಬ್ಬ ಕೊಳ್ಳುವಂತೆ ತರಬೇತುದಾರ ಬೆನ್ನು ಹತ್ತಿದ. ನನ್ನ ರಕ್ತದೊತ್ತಡ ಎಷ್ಟೆಂದು ಒಮ್ಮೆಯೂ ಕೇಳಲಿಲ್ಲ.

ವಿಜಯನಗರ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಒಂಟಿಕೊಪ್ಪಲಿನ ಹಿರಿಯರು ಹೇಳಿದಂತೆ ಕುರ್ಚಿಯಿಂದಲೇ ಆರಂಭಿಸುತ್ತೇನೆ, ಅದಕ್ಕೂ ಮುನ್ನ ರಕ್ತದೊತ್ತಡ, ಕೊಲೆಸ್ಟರಾಲ್ ಎರಡನ್ನೂ ನೋಡಿಸುತ್ತೇನೆ. ಪಥ್ಯದವರಲ್ಲಿ ಒಂದು ಪ್ರಶ್ನೆ ಉಳಿದಿದೆ. ನಾವು ಸಂಪೂರ್ಣ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಪ್ರತಿದಿನ ಬೇಳೆಯ ಸಾರು ಮಾಡುತ್ತೇವೆ. ಪ್ರೋಟೀನ್ ಸಾಲುವುದಿಲ್ಲವೇ? ಪುಡಿ ಕೊಳ್ಳಬೇಕೇ?

ಪಥ್ಯ

ನಿಮ್ಮ ಮನೆಯ ಸಾರು ತಿಳಿಸಾರೇ, ಗಟ್ಟಿಯಾದ ಹುಳಿಯೇ ಎಂಬುದರ ಮೇಲೆ ಉತ್ತರ ನಿಂತಿದೆ. ಬೆಂಗಳೂರಿನ ಮನೆಗಳ ತಿಳಿಸಾರಿನಲ್ಲಿ ನಾಲ್ಕು ಜನರಿಗೆ ಸೇರಿ ಒಂದು ಹಿಡಿ ತೊಗರಿಬೇಳೆ ಇರುತ್ತದೆ. ತಟ್ಟೆಗೆ ಬರುವುದು ಹುಣಸೆಹುಳಿ, ಒಗ್ಗರಣೆ ಮತ್ತು ಪರಿಮಳ.

ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೊಗೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ಎತ್ತರಕ್ಕೆ ತಕ್ಕ ತೂಕ 67 ಕಿಲೊ ಎಂದಿಟ್ಟುಕೊಂಡರೂ 55 ಗ್ರಾಂ ಆಗುತ್ತದೆ. ಬಲದ ವ್ಯಾಯಾಮ ಮಾಡುವವರಿಗೆ ಸ್ವಲ್ಪ ಹೆಚ್ಚೇ ಇರಲಿ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಎರಡು ಸಾವಿರ ಕಿಲೊಕ್ಯಾಲರಿಯ ಮಾದರಿ ತಟ್ಟೆಯೊಂದಿದೆ. ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆ ಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ. ನೀವು ತೂಕ ಇಳಿಸಬೇಕಾದವರು, ಧಾನ್ಯ ಮತ್ತು ಎಣ್ಣೆಯನ್ನು ಇದಕ್ಕಿಂತಲೂ ತಗ್ಗಿಸಿ, ಬೇಳೆಯನ್ನು ಮಾತ್ರ ತಗ್ಗಿಸಬೇಡಿ. ನಮ್ಮ ಬಹುಪಾಲು ಮನೆಗಳಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು.

ಹಾಗಾಗಿ ಸಾರಿನ ಬದಲು ತೊವ್ವೆ ಅಥವಾ ಗಟ್ಟಿ ಹುಳಿ ಮಾಡಿ. ಕೋಸಂಬರಿಯನ್ನು ಬಾಳೆ ಎಲೆಯ ತುದಿಯಲ್ಲಿ ಅಲಂಕಾರಕ್ಕೆಂದು ಬಡಿಸುವ ಪದ್ಧತಿ ಬಿಟ್ಟು ಬಟ್ಟಲು ತುಂಬ ತಿನ್ನಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ನಿಂಬೆರಸಕ್ಕಿಂತ ಸುಲಭವಾದ ರಾತ್ರಿಯ ಊಟ ಬೇರೆ ಇಲ್ಲ. ಬೆಳಗಿನ ಉಪ್ಪಿಟ್ಟಿನ ಬದಲು ಹೆಸರುಕಾಳಿನ ದೋಸೆ, ಸಂಜೆ ನಿಪ್ಪಟ್ಟಿನ ಬದಲು ಹುರಿಗಡಲೆ, ಒಂದು ಲೋಟ ಮಜ್ಜಿಗೆ. ಮೂವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15 ಗ್ರಾಂ ಪ್ರೋಟೀನ್ ಸಿಗುತ್ತದೆ, ಪಲ್ಯಕ್ಕೆ ಸೇರಿಸಿದರೆ ಮಕ್ಕಳೂ ತಿನ್ನುತ್ತಾರೆ. ಪುಡಿಯನ್ನು ಆ ಮಾರ್ಗಸೂಚಿಯೇ ಪ್ರೋತ್ಸಾಹಿಸಿಲ್ಲ. ಸಸ್ಯಾಹಾರಿಗಳಾದ್ದರಿಂದ ಬಿ12 ಜೀವಸತ್ವವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ, ಸುಸ್ತಿಗೆ ಎಷ್ಟೋ ಸಲ ಅದೇ ಕಾರಣವಾಗಿರುತ್ತದೆ.

ಹೇಮಾವತಿ ದಂಡೆ

ಫಿಸಿಯೊ ಅವರ ಉತ್ತರ ಓದಿದ ಮೇಲೆ ನಾನೂ ಟ್ರೆಡ್‌ಮಿಲ್ ಪರೀಕ್ಷೆಗೆ ಸಮಯ ಗೊತ್ತುಮಾಡಿಕೊಂಡಿದ್ದೇನೆ. ಆದರೆ ಭಾರದ ವಿಷಯದಲ್ಲಿ ಫಲಿತಾಂಶ ಬರುವವರೆಗೆ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಶಿವಮೊಗ್ಗ ಫಿಸಿಯೊ

ಅದು ಸರಿಯಾದ ಕ್ರಮವೇ, ಸರ್.

ತುಮಕೂರು ರಸ್ತೆ

ತಡವಾಗಿ ಬಂದಿದ್ದೇನೆ, ಕ್ಷಮಿಸಿ. ನನಗೆ 49. ಮೊಣಕಾಲು ನೋವಿದೆ, ಎಕ್ಸ್‌ರೇಯಲ್ಲಿ ಸವೆತ ಆರಂಭವಾಗಿದೆ ಎಂದಿದ್ದಾರೆ. ಬಸ್ಕಿ, ಮೆಟ್ಟಿಲು ಎರಡನ್ನೂ ಬಿಟ್ಟುಬಿಡಬೇಕೇ? ವರ್ಷಕ್ಕೊಮ್ಮೆ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಿಂದಲೇ ಹತ್ತುವ ಹರಕೆ ಇದೆ.

ಶಿವಮೊಗ್ಗ ಫಿಸಿಯೊ

ಬಿಡಬೇಕಾಗಿಲ್ಲ. ಆರಂಭದ ಸವೆತಕ್ಕೆ ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವುದೇ ಮೊದಲ ಚಿಕಿತ್ಸೆ. ಕುರ್ಚಿಯ ಎತ್ತರವನ್ನು ದಿಂಬಿಟ್ಟು ಹೆಚ್ಚಿಸಿಕೊಂಡು ಏಳುವುದು, ಕೂರುವುದು ಮಾಡಿ. ಕುಳಿತಲ್ಲೇ ಕಾಲನ್ನು ನೇರ ಚಾಚಿ ಐದು ಎಣಿಸುವವರೆಗೆ ಹಿಡಿಯಿರಿ. ಮಾಡುವಾಗ ಅಲ್ಪ ನೋವು ಸಹಜ, ಮರುದಿನ ಊತ ಬಂದರೆ ಪ್ರಮಾಣ ಇಳಿಸಬೇಕು. ಮೆಟ್ಟಿಲಿನಲ್ಲಿ ಮೊಣಕಾಲಿಗೆ ಹೆಚ್ಚು ಹೊರೆ ಬೀಳುವುದು ಇಳಿಯುವಾಗ. ಒಂದೆರಡು ತಿಂಗಳು ಇದನ್ನು ಮಾಡಿ, ನೋವು ತಗ್ಗಿದ ಮೇಲೆ ಬೆಟ್ಟದ ವಿಚಾರ ಮಾಡಿ.

ಒಂಟಿಕೊಪ್ಪಲು

ಸಾವಿರ ಮೆಟ್ಟಿಲನ್ನು ಒಂದೇ ಉಸಿರಿನಲ್ಲಿ ಹತ್ತಬೇಡಿ. ಏಳುನೂರರ ಹತ್ತಿರ ದೊಡ್ಡ ನಂದಿ ಸಿಗುತ್ತದೆ, ಅಲ್ಲಿ ಚೆನ್ನಾಗಿ ಕುಳಿತು ಸುಧಾರಿಸಿಕೊಂಡು ಮುಂದೆ ಹೋಗಿ. ಹರಕೆ ಇರುವುದು ಹತ್ತುವುದಕ್ಕೆ ತಾನೇ? ಇಳಿಯುವುದಕ್ಕೆ ಮೇಲಿನಿಂದ ಸಿಟಿ ಬಸ್ ಇದೆ.